ಸೂರಿನ ನೀರು ಬೀಳುವ ಸಾಲು

ಬುಕಿತ್ ಬಾಟೋಕ್, ಸಿಂಗಪುರ
19 ಜನವರಿ 2025

ನಿರುಪಮಾ ಅವರಿಗೆ,

ಚೋವಾ ಚು ಕಾಂಗ್‌ನ ಹಿಂದೂ ರುದ್ರಭೂಮಿಯ ಒಂದು ಬ್ಲಾಕನ್ನು ಜೂನ್‌ನಲ್ಲಿ ಅಗೆದು ತೆರವು ಮಾಡುತ್ತಾರೆ. 1996ರ ಸಮಾಧಿಗಳೂ ಅದರಲ್ಲಿ ಸೇರಿವೆ. ಸಂಬಂಧಿಕರು ಏಪ್ರಿಲ್ 30ರೊಳಗೆ ನೋಂದಾಯಿಸಿಕೊಳ್ಳಬೇಕು. ಯಾರೂ ಕೇಳದೆ ಉಳಿದ ಅಸ್ಥಿಯನ್ನು ಕಚೇರಿಯವರೇ ದಹನ ಮಾಡಿ ಬೂದಿಯನ್ನು ಸಮುದ್ರಕ್ಕೆ ಬಿಡುತ್ತಾರೆ.

ಇದನ್ನು ತಿಳಿಸಿದ್ದು ನನ್ನ ಗೆಳೆಯ ಬದರಿನಾಥನ ಹೆಂಡತಿ ಸುನಂದಾ. ಪತ್ರಿಕೆಯಲ್ಲಿ ಬಂದ ಪ್ರಕಟಣೆಯನ್ನು ಫೋನಿನಲ್ಲಿ ಎರಡು ಸಲ ಓದಿ ಹೇಳಿದರು. ಬದರಿ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ನಿಮ್ಮ ಸ್ವೀಡನ್ ವಿಳಾಸವೂ ಅವರಿಂದಲೇ ಸಿಕ್ಕಿತು.

ನಾವು ಬೇರೆಯಾಗಿ ಇಪ್ಪತ್ತಾರು ವರ್ಷ. ಇಷ್ಟು ದಿನದ ಮೇಲೆ ಬರೆಯಲು ಬೇರೆ ಕಾರಣ ಇರಲಿಲ್ಲ. ಅಲ್ಲಿರುವ ಮಗು ನಮ್ಮಿಬ್ಬರದು, ನಿಮಗೆ ತಿಳಿಸದೆ ಮುಂದುವರಿಯುವುದು ತಪ್ಪಾಗುತ್ತದೆ. ನೋಂದಣಿಯ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ. ನೀವು ಅಷ್ಟು ದೂರದಿಂದ ಬರಬೇಕೆಂದೇನೂ ಇಲ್ಲ.

ನಾನು ಮತ್ತೆ ಮದುವೆಯಾದದ್ದು ನಿಮಗೆ ಗೊತ್ತಿರಬಹುದು. ರಮಾಗೆ ಮಗುವಿನ ವಿಷಯ ಹೇಳಿಲ್ಲ. ಉತ್ತರ ಬರೆಯುವುದಾದರೆ ಹಿಂಬದಿಯಲ್ಲಿರುವ ಸುನಂದಾ ಅವರ ವಿಳಾಸಕ್ಕೆ ಬರೆಯಿರಿ. ನೀವು ಈಗಲೂ ಚರ್ಚ್‌ಗಳ ನೆಲ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೀರಿ ಎಂದು ಅವರು ಹೇಳಿದರು. ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದುಕೊಳ್ಳುತ್ತೇನೆ.

ಇತಿ,
ದ್ವಾರಕನಾಥ್


ಲಿಂಡ್‌ಹಾಮ್ನ್, ಸ್ವೀಡನ್
16 ಫೆಬ್ರವರಿ 2025

ದ್ವಾರಕನಾಥ್ ಅವರಿಗೆ,

ಪತ್ರ ಫೆಬ್ರವರಿ 3ಕ್ಕೆ ತಲುಪಿತು. ನೋಂದಣಿಯನ್ನು ನಿಮಗೆ ಸರಿ ಕಂಡಂತೆ ಮಾಡಿ. ಜಾಗ ನಿಮಗೆ ಗೊತ್ತಿದೆ, ವರ್ಷಕ್ಕೊಮ್ಮೆಯಾದರೂ ಹೋಗಿಬರುತ್ತಿದ್ದಿರಿ ಎಂದು ನಂಬಿದ್ದೇನೆ.

ಕೆಲಸದ ಬಗ್ಗೆ ಕೇಳಿದ್ದೀರಿ. ನವೆಂಬರ್‌ನಿಂದ ಈ ಊರಿನ ಕೆಥೆಡ್ರಲ್ ಒಳಗೆ ಇದ್ದೇನೆ. ನೆಲದಡಿಯ ಬಿಸಿನೀರಿನ ಪೈಪುಗಳು ಹಳೆಯವಾಗಿವೆ, ಹೊಸವನ್ನು ಹಾಕಬೇಕು. ಅಗೆಯುವ ಮೊದಲು ಕೆಳಗೆ ಏನಿದೆ ಎಂದು ರೇಡಾರ್ ಇಟ್ಟು ನೋಡುವುದು ನನ್ನ ಪಾಲಿನ ಕೆಲಸ.

ಇದು ಕೆಂಪು ಇಟ್ಟಿಗೆಯ ಕಟ್ಟಡ. ಹದಿಮೂರನೇ ಶತಮಾನದ ಕೊನೆಯಲ್ಲಿ ಮುಗಿಯಿತು. ಆಗ ಎಲ್ಲರೂ ರೋಮಿನ ಪೋಪ್‌ಗೆ ನಡೆದುಕೊಳ್ಳುವವರು. ಹದಿನಾರನೇ ಶತಮಾನದಲ್ಲಿ ರಾಜ ಲೂಥರನ ಪಕ್ಷ ಹಿಡಿದ ಮೇಲೆ ಇದೂ ಲೂಥರನ್ ಆಯಿತು. ಸಂತರ ಹೆಸರಿನ ಹನ್ನೆರಡು ಪೀಠಗಳಲ್ಲಿ ಹನ್ನೊಂದನ್ನು ಕಿತ್ತರು, ಗೋಡೆಯ ಚಿತ್ರಗಳ ಮೇಲೆ ಸುಣ್ಣ ಬಳಿದರು, ಪ್ರಾರ್ಥನೆಯನ್ನು ಲ್ಯಾಟಿನ್ ಬಿಟ್ಟು ಸ್ವೀಡಿಷ್‌ನಲ್ಲಿ ಹೇಳತೊಡಗಿದರು. ಕಟ್ಟಡ ಅದೇ, ಬೆಂಚಿನಲ್ಲಿ ಕೂರುತ್ತಿದ್ದ ಜನರೂ ಅವರೇ. ಅದರ ಕೆಳಗೆ ಹನ್ನೆರಡನೇ ಶತಮಾನದ ಕಲ್ಲಿನ ಚರ್ಚಿನ ತಳಪಾಯ ಇರುವುದು ಮೊದಲಿನಿಂದ ಗೊತ್ತಿತ್ತು. ಅದಕ್ಕೂ ಮುಂಚೆ ಒಂದು ಮರದ ಚರ್ಚ್ ಇತ್ತು ಎಂದು ಊರಿನವರು ಹೇಳುತ್ತಾರೆ. ಪುರಾವೆ ಇರಲಿಲ್ಲ.

ಜನವರಿ 21ರಂದು ದಕ್ಷಿಣದ ಗೋಡೆಯಿಂದ ನಾಲ್ಕು ಮೀಟರ್ ಒಳಗೆ ಹನ್ನೊಂದು ಗುಂಡಿಗಳು ಕಂಡವು. ಎಲ್ಲವೂ ಒಂದೇ ಗೆರೆಯಲ್ಲಿ, ಯಾವುದೂ ಮೊಳಕ್ಕಿಂತ ಹೆಚ್ಚು ಉದ್ದವಿಲ್ಲ. ಮೊದಲ ಎರಡನ್ನು ತೆರೆದೆವು. ಮಕ್ಕಳು. ಹುಟ್ಟಿ ಕೆಲವು ದಿನ ಆಗಿರಬಹುದು, ಆಗದೆಯೂ ಇರಬಹುದು.

ಪೈಪಿನ ಮೇಸ್ತ್ರಿ ಯೋರಾನ್ ಬಂದು ನೋಡಿದ. "ಎಲ್ಲ ಬಿಟ್ಟು ನನ್ನ ಗೆರೆಯ ಮೇಲೇ ಮಲಗಿದ್ದಾರಲ್ಲ," ಎಂದ. ಆಮೇಲೆ ಟೋಪಿ ತೆಗೆದ.

ಬಯಲಿನ ಮಧ್ಯೆ ಹೀಗೆ ನೇರವಾಗಿ ಯಾರೂ ಹೂಳುವುದಿಲ್ಲ. ಅಲ್ಲಿ ಒಂದು ಗೋಡೆ ಇದ್ದಿರಬೇಕು. ದೀಕ್ಷಾಸ್ನಾನ ಆಗದೆ ಸತ್ತ ಮಗುವಿಗೆ ಚರ್ಚಿನ ಅಂಗಳದಲ್ಲಿ ಜಾಗವಿಲ್ಲದ ಕಾಲ ಅದು. ಕೆಲವು ದೇಶಗಳಲ್ಲಿ ಅಂಥ ಮಕ್ಕಳನ್ನು ಗೋಡೆಗೆ ಒತ್ತಿ, ಸೂರಿನ ನೀರು ಬೀಳುವ ಕಡೆ ಹೂಳುತ್ತಿದ್ದರು. ದೇವಾಲಯದ ಮಾಡಿನಿಂದ ಇಳಿದ ಮಳೆನೀರು ಮಗುವಿನ ಮೇಲೆ ಬಿದ್ದರೆ ಅದೇ ಸ್ನಾನ ಎಂಬ ನಂಬಿಕೆ. ಇದು ಊಹೆ, ಬರಹದ ಆಧಾರ ಇಲ್ಲ. ಆದರೆ ಮರದ ಗೋಡೆ ಎಂದೋ ಕೊಳೆತುಹೋಗಿದೆ, ಅದು ಎಲ್ಲಿತ್ತು ಎಂದು ಈಗ ತೋರಿಸುತ್ತಿರುವುದು ಈ ಸಾಲು ಮಾತ್ರ.

ಅಸ್ಥಿಯ ಕಾಲಪರೀಕ್ಷೆಯ ವರದಿ ಮಾರ್ಚ್‌ನಲ್ಲಿ ಬರುತ್ತದೆ. ಇಲ್ಲಿ ಮೈನಸ್ ಒಂಬತ್ತು ಇದೆ.

ನಿರುಪಮಾ


ಬುಕಿತ್ ಬಾಟೋಕ್
9 ಮಾರ್ಚ್ 2025

ನಿರುಪಮಾ ಅವರಿಗೆ,

ನೋಂದಣಿಯ ಕೆಲಸ ನಡೆಯುತ್ತಿದೆ. ಗುರುವಾರ ರುದ್ರಭೂಮಿ ಕಚೇರಿಯ ಕೌಂಟರಿಗೆ ಹೋಗಿದ್ದೆ. ಕೆಲವು ವಿವರಗಳನ್ನು ಹುಡುಕಬೇಕಾಗಿದೆ. ಹಳೆಯ ದಾಖಲೆ, ಸಮಯ ಹಿಡಿಯುತ್ತದೆ.

ನಿಮ್ಮ ಪತ್ರವನ್ನು ಸುನಂದಾ ಇರುವ ಕಟ್ಟಡದ ತೆರೆದ ನೆಲ ಅಂತಸ್ತಿನಲ್ಲಿ, ವಾಯ್ಡ್ ಡೆಕ್‌ನ ಕಲ್ಲುಬೆಂಚಿನ ಮೇಲೆ ಕೂತು ಓದಿದೆ. ಮೂರು ಪುಟದಲ್ಲಿ ನಮ್ಮ ವಿಷಯಕ್ಕೆ ಎರಡು ಸಾಲು. ಉಳಿದದ್ದೆಲ್ಲ ಕೆಥೆಡ್ರಲ್. ಓದಿ ತಿಳಿದುಕೊಂಡೆ. ಒಂಬೈನೂರು ವರ್ಷದ ಹಿಂದಿನ ಮಕ್ಕಳು ಎಷ್ಟು ಉದ್ದ ಇದ್ದರು ಎಂಬ ಅಳತೆ ನಿಮ್ಮ ಬಳಿ ಇದೆ. ಒಳ್ಳೆಯದು. ಕೆಲಸ ಅಂದರೆ ಹಾಗೆಯೇ ಇರಬೇಕು.

ಇಲ್ಲಿನ ನಿಯಮದ ಬಗ್ಗೆ ನಿಮಗೆ ಬೇಸರ ಇದ್ದರೆ ಹೇಳುತ್ತೇನೆ: ನನಗೆ ಇಲ್ಲ. ನಾನು ಟುವಾಸ್‌ನಲ್ಲಿ ಇಪ್ಪತ್ತಾರು ವರ್ಷ ಸಮುದ್ರಕ್ಕೆ ಮರಳು ಸುರಿದು ನೆಲ ಮಾಡಿದವನು. ಈ ಊರಿನಲ್ಲಿ ಒಂದೊಂದು ಅಡಿ ನೆಲ ಹೇಗೆ ಬರುತ್ತದೆ ಎಂದು ಗೊತ್ತು. ಸತ್ತವರಿಗೆ ನೆಲದಲ್ಲಿ ಹದಿನೈದು ವರ್ಷ ಎಂದು ಗೊತ್ತುಮಾಡಿದರು. ನಮ್ಮ ಮಗುವಿಗೆ ಇಪ್ಪತ್ತೆಂಟು ಸಿಕ್ಕಿತು. ನಿಮ್ಮ ಕೆಥೆಡ್ರಲ್‌ನಷ್ಟು ಜಾಗ ನಮಗಿಲ್ಲ.

ನೀವು ನಿಶ್ಚಿಂತೆಯಿಂದ ಇರಿ. ಮುಗಿದ ಮೇಲೆ ತಿಳಿಸುತ್ತೇನೆ.

ದ್ವಾರಕನಾಥ್


ಲಿಂಡ್‌ಹಾಮ್ನ್
24 ಮಾರ್ಚ್ 2025
(ಕೊರಿಯರ್ ಮೂಲಕ)

ದ್ವಾರಕನಾಥ್ ಅವರಿಗೆ,

ಯಾವ ವಿವರ ಹುಡುಕುತ್ತಿದ್ದೀರಿ? ಏಪ್ರಿಲ್ 30ಕ್ಕೆ ಐದು ವಾರ ಉಳಿದಿದೆ. ಸಾಲು ಎಷ್ಟನೆಯದು, ಸಂಖ್ಯೆ ಯಾವುದು, ತಲೆ ಯಾವ ದಿಕ್ಕಿಗೆ, ಬರೆಯಿರಿ. ಒಂದೊಂದು ಸಾಲಿನ ಉತ್ತರ ಸಾಕು.

1996ರ ನವೆಂಬರ್ 3ರಂದು ಹುಟ್ಟಿದಳು. ಏಳು ತಿಂಗಳಿಗೇ. ಮೂವತ್ತೊಂದು ಗಂಟೆ ಇದ್ದಳು. ನಿಮ್ಮ ಅಮ್ಮ ಮೈಸೂರಿನಿಂದ ಬಾಣಂತನಕ್ಕೆಂದು ಮೊದಲೇ ಬಂದಿದ್ದರು. "ಇಂಥದ್ದಕ್ಕೆಲ್ಲ ತಾಯಿ ಹೋಗೋ ಹಾಗಿಲ್ಲ ಕಣಮ್ಮ. ಗಂಡಸರು ಹೋಗಿ ಬರ್ತಾರೆ. ನೀನು ಆ ಕಡೆ ತಿರುಗಿ ಮಲಕ್ಕೋ," ಎಂದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ನೀವು ಮಧ್ಯಾಹ್ನ ಬಂದಿರಿ, ಸ್ನಾನ ಮಾಡಿ ಊಟ ಮಾಡಿದಿರಿ. ಎಲ್ಲಿ ಎಂದು ಕೇಳಿದೆ. "ಒಂದು ದೊಡ್ಡ ಮಳೆಮರ ಇದೆ, ಅದರ ಹತ್ರ. ಒಳ್ಳೆ ನೆರಳು," ಎಂದಿರಿ. ಆಮೇಲೆ ಎರಡು ಸಲ ಕೇಳಿದೆ. ಅದೇ ಉತ್ತರ.

ನಿಮಗೆ ಹೇಳದ ಒಂದು ಸಂಗತಿ ಇದೆ. ಈ ದೇಶಕ್ಕೆ ಬರುವ ಮೊದಲು ಮೂರು ಸಲ ಒಬ್ಬಳೇ ಟ್ಯಾಕ್ಸಿ ಮಾಡಿಕೊಂಡು ಚೋವಾ ಚು ಕಾಂಗ್‌ಗೆ ಹೋಗಿದ್ದೆ. ಅಲ್ಲಿ ದೊಡ್ಡ ಮಳೆಮರಗಳು ಹದಿನೇಳು ಇದ್ದವು. ಹದಿನೇಳಕ್ಕೂ ಹೂವಿಟ್ಟು ಬಂದೆ.

ನಾನು ಬರೆದ ಮೂರು ಪುಟ ಕೆಥೆಡ್ರಲ್ ಬಗ್ಗೆ ಎಂದು ಓದಿದಿರಿ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ನೂರಾರು ಗೋರಿ ನೋಡಿದ್ದೇನೆ. ಜನವರಿ 21ರ ಸಂಜೆ ಬ್ರಷ್ ಹಿಡಿಯಲು ಕೈ ಬರಲಿಲ್ಲ. ಅದನ್ನು ಬರೆಯುವ ಬೇರೆ ದಾರಿ ಗೊತ್ತಿಲ್ಲದೆ ಅಳತೆ ಬರೆದೆ.

ಕಾಲಪರೀಕ್ಷೆಯ ವರದಿ ಮಾರ್ಚ್ 18ಕ್ಕೆ ಬಂತು. ಹನ್ನೊಂದನೇ ಶತಮಾನದ ಕೊನೆ. ಮರದ ಚರ್ಚ್ ಇದ್ದದ್ದು ನಿಜ. ಇಲ್ಲಿನ ಮುಖ್ಯ ಪಾದ್ರಿ ಬಿರ್ಗಿಟಾ ಹಳೆಯ ಮರಣ ಪುಸ್ತಕಗಳನ್ನು ತೆಗೆದು ತೋರಿಸಿದರು. ಲೂಥರನ್ನರು ಹದಿನೇಳನೇ ಶತಮಾನದ ಕೊನೆಯಿಂದ ಪ್ರತಿ ಸಾವನ್ನೂ ಬರೆದಿಟ್ಟಿದ್ದಾರೆ: "ಹಗ್ಗ ಹೊಸೆಯುವವನ ಮಗು, ಎರಡು ದಿನ." "ಕಾವಲುಗಾರನ ಮಗು, ಒಂದು ರಾತ್ರಿ." ತಾಯಿಯ ಹೆಸರು ಎಲ್ಲೂ ಇಲ್ಲ. ನಮ್ಮ ಹನ್ನೊಂದು ಮಕ್ಕಳು ಅದಕ್ಕೂ ಆರುನೂರು ವರ್ಷ ಹಿಂದಿನವರು. ಅವರಿಗೆ ಆ ಒಂದು ಸಾಲೂ ಇಲ್ಲ. ಆದರೂ ಯಾರೋ ಜಾಗ ನೋಡಿ ಇಟ್ಟಿದ್ದಾರೆ.

ಮರಣ ಪ್ರಮಾಣಪತ್ರ ನನ್ನ ಬಳಿ ಇತ್ತು. ಪ್ರತಿ ಲಗತ್ತಿಸಿದ್ದೇನೆ. ನನಗೆ ಉತ್ತರ ಬೇಕು.

ನಿರುಪಮಾ


ಬುಕಿತ್ ಬಾಟೋಕ್
8 ಏಪ್ರಿಲ್ 2025
(ಕೊರಿಯರ್ ಮೂಲಕ)

ನಿರುಪಮಾ,

ಮಗು ಸಿಕ್ಕಿತು. ಸಾಲು 9, ಸಂಖ್ಯೆ 312. ನಿನ್ನೆ ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ನೋಡಿ ಹೇಳಿದಳು. ತಲೆ ಯಾವ ದಿಕ್ಕಿಗೆ ಎಂಬುದು ದಾಖಲೆಯಲ್ಲಿ ಇಲ್ಲ.

ಮಳೆಮರ ಇಲ್ಲ. ಯಾವತ್ತೂ ಇರಲಿಲ್ಲ. ಅದು ನಾನು ಕಟ್ಟಿದ ಮಾತು.

ಅವತ್ತು ನಾನು ಒಳಗೆ ಹೋಗಲಿಲ್ಲ. ಬದರಿಯೂ ನಾನೂ ವ್ಯಾನಿನಲ್ಲಿ ಹೋದೆವು. ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಗೇಟಿನ ಹತ್ತಿರ ವ್ಯಾನ್ ನಿಂತಾಗ ಕಾಲು ಏಳಲಿಲ್ಲ. ಬದರಿ ನನ್ನ ಮುಖ ನೋಡಿದ. "ನೀನು ಇಲ್ಲೇ ಇರು, ನಾನು ಮುಗಿಸ್ಕೊಂಡು ಬರ್ತೀನಿ," ಎಂದು ಪೆಟ್ಟಿಗೆ ಎತ್ತಿಕೊಂಡು ರುದ್ರಭೂಮಿಯ ಕೆಲಸದವನ ಜೊತೆ ಹೋದ. ಮುಕ್ಕಾಲು ಗಂಟೆಯಾಯಿತು. ವಾಪಸ್ ಬಂದು, "ಆಯ್ತು. ತಿರುಗಿ ನೋಡ್ಬಾರ್ದಂತೆ, ನಡಿ," ಎಂದ. ತಿರುಗಿ ನೋಡಬಾರದು ಎಂಬುದು ನನಗೆ ಅನುಕೂಲವಾಯಿತು. ಅವನು ಬದುಕಿದ್ದಷ್ಟು ದಿನವೂ ಎಲ್ಲಿ ಎಂದು ಕೇಳಲಿಲ್ಲ. ವರ್ಷಕ್ಕೊಮ್ಮೆ ಹೋಗುತ್ತಿದ್ದೆ ಎಂದು ನೀನು ಬರೆದಿದ್ದೆ. ಒಮ್ಮೆಯೂ ಹೋಗಿಲ್ಲ.

ಮಾರ್ಚ್‌ನಲ್ಲಿ ಕೌಂಟರಿಗೆ ಹೋದಾಗ ನನ್ನ ಹೆಸರು ಕೊಟ್ಟೆ. ದ್ವಾರಕನಾಥನ ಮಗು ಎಂದು ಯಾವ ದಾಖಲೆಯೂ ಇಲ್ಲ ಎಂದರು. ತಾಯಿಯ ಹೆಸರು ಹೇಳಿ ಎಂದಳು ಆ ಹುಡುಗಿ. ಬೇಕಾಗಿಲ್ಲ, ತಂದೆ ನಾನಿದ್ದೇನಲ್ಲ ಎಂದು ಎದ್ದು ಬಂದೆ. ನಮ್ಮಲ್ಲಿ ಮಗುವಿಗೆ ಇನಿಶಿಯಲ್ ತಂದೆಯದು. ಬೇರೆ ರೀತಿ ಇರಬಹುದು ಎಂದು ತಲೆಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಅಷ್ಟು ಜನರ ಮುಂದೆ ನಿನ್ನ ಹೆಸರು ಹೇಳುತ್ತಿದ್ದೆನೋ ಇಲ್ಲವೋ. ಆಮೇಲೆ ನಿನಗೆ 'ಕೆಲಸ ನಡೆಯುತ್ತಿದೆ' ಎಂದು ಬರೆದೆ.

ನಿನ್ನ ಪತ್ರ ಬಂದ ದಿನ ಸುನಂದಾಗೆ ಎಲ್ಲ ಹೇಳಿದೆ. ಬದರಿ ಎಲ್ಲಾದರೂ ಸಂಖ್ಯೆ ಬರೆದಿಟ್ಟಿದ್ದನೇ ಎಂದು ಕೇಳಿದೆ.

"ಇಲ್ಲ ದ್ವಾರಕಿ. ಇಬ್ರೂ ಇಂಜಿನಿಯರ್ಸು, ಟುವಾಸ್‌ನಲ್ಲಿ ಒಂದೊಂದು ಪೈಲ್ ಕಂಬಕ್ಕೂ ನಂಬರ್ ಹಾಕಿದ್ರಿ. ಇದೊಂದು ನಂಬರ್ ಇಟ್ಕೊಳಕ್ಕೆ ಆಗ್ಲಿಲ್ಲ ನಿಮ್ಗೆ," ಎಂದರು. ಆಮೇಲೆ ಪ್ರಮಾಣಪತ್ರವನ್ನು ಕೈಗೆ ತೆಗೆದುಕೊಂಡು ಕನ್ನಡಕ ಹಾಕಿ ಓದಿದರು. "ಇಲ್ಲಿ ನೋಡು, ಬೇಬಿ ಆಫ್ ನಿರುಪಮಾ ಅಂತ ಇದೆ. ಆಸ್ಪತ್ರೇಲಿ ಮಗು ಕೈಗೆ ಕಟ್ಟೋ ಪಟ್ಟೀಲೂ ಅಮ್ಮನ್ ಹೆಸ್ರೇ ತಾನೆ ಇರೋದು? ಹೆತ್ತಿರೋ ಯಾರನ್ನ ಕೇಳಿದ್ರೂ ಹೇಳ್ತಿದ್ರು."

ನಿನ್ನೆ ಅದೇ ಹುಡುಗಿ ಇದ್ದಳು. ನಿನ್ನ ಹೆಸರು ಹೇಳಿದೆ. ಒಂದು ನಿಮಿಷವೂ ಆಗಲಿಲ್ಲ. "ಅಂಕಲ್, ಲಾಸ್ಟ್ ಟೈಮ್ ಐ ಆಸ್ಕ್ ಯು ಮದರ್ ನೇಮ್, ಯು ಸೇ ನೋ ನೀಡ್ ಲಾ," ಎಂದಳು. ಬೈದಂತೆ ಇರಲಿಲ್ಲ. ನೀರು ತಂದುಕೊಟ್ಟಳು.

ಅಲ್ಲಿಂದ ರುದ್ರಭೂಮಿಗೆ ಹೋದೆ. ಈ ಸಲ ಗೇಟು ದಾಟಿದೆ. ಒಂಬತ್ತನೇ ಸಾಲು ಪೂರ್ತಿ ಚಿಕ್ಕ ಮಕ್ಕಳದು. ಹುಲ್ಲು ಕತ್ತರಿಸಿದ್ದಾರೆ. ಅಂಗೈಯಷ್ಟು ಅಗಲದ ಸಿಮೆಂಟ್ ಗೂಟಗಳು ಇಪ್ಪತ್ತಮೂರು. ನಮ್ಮದು ಎಡದಿಂದ ಹದಿನಾಲ್ಕನೆಯದು. ನೆರಳಿಲ್ಲ.

ಮನೆಗೆ ಹೋಗಿ ರಮಾಗೆ ಹೇಳಿದೆ. ಅವಳು ಬೀನ್ಸ್ ಬಿಡಿಸುತ್ತಿದ್ದಳು. ಬಟ್ಟಲನ್ನು ಪಕ್ಕಕ್ಕಿಟ್ಟು, "ಇಪ್ಪತ್ತೆರಡು ವರ್ಷ. ಒಂದಿನಾನೂ ಬಾಯ್ ಬಿಡ್ಲಿಲ್ವಲ್ರೀ," ಎಂದಳು. ಮತ್ತೆ, "ಅವರು ಅಲ್ಲಿ ಮೈನಸ್ ಚಳೀಲಿ ಒಬ್ರೇ ಕೂತ್ಕೊಂಡಿದಾರೆ, ನೀವು ಸುನಂದಾ ಆಂಟಿ ಮನೇಗ್ ಬರೀರಿ ಅಂತ ಅಡ್ರೆಸ್ ಕೊಟ್ಟಿದೀರಾ. ನಮ್ಮನೆ ಅಡ್ರೆಸ್ ಕೊಡಿ ಮೊದ್ಲು," ಎಂದಳು. ಆದ್ದರಿಂದ ಇನ್ನು ಮುಂದೆ ನಮ್ಮ ಮನೆಗೇ ಬರೆ. ವಿಳಾಸ ಮೇಲಿದೆ.

ದಾಖಲೆ ನಿನ್ನ ಹೆಸರಿನಲ್ಲಿ ಇರುವುದರಿಂದ ಅರ್ಜಿಯೂ ನಿನ್ನ ಹೆಸರಿನಲ್ಲಿ ಹೋದರೆ ಸರಿ ಎಂದು ನನಗೆ ಅನ್ನಿಸುತ್ತದೆ. ಫಾರ್ಮ್ ಇದರೊಳಗೆ ಇದೆ. ತುಂಬಿ, ಕಚೇರಿಯ ಇಮೇಲಿಗೆ ನೀನೇ ಕಳಿಸಬಹುದು ಎಂದು ಹುಡುಗಿ ಹೇಳಿದಳು. ಬರುವುದೂ ಬಿಡುವುದೂ ನಿನಗೆ ಸೇರಿದ್ದು. ಬಂದರೆ, ನನ್ನನ್ನು ಒಳಗೆ ನೋಡಲು ಇಷ್ಟವಿಲ್ಲದಿದ್ದರೆ, ನಾನು ಗೇಟಿನ ಹೊರಗೆ ನಿಲ್ಲುತ್ತೇನೆ.

ಕ್ಷಮೆ ಕೇಳಲು ಕೂತರೆ ಇನ್ನೊಂದು ಸುಳ್ಳು ಬರೆದೇನು ಎಂದು ಹೆದರಿಕೆ. ನಡೆದದ್ದು ಇಷ್ಟು.

ದ್ವಾರಕನಾಥ್


ಲಿಂಡ್‌ಹಾಮ್ನ್
27 ಏಪ್ರಿಲ್ 2025

ದ್ವಾರಕನಾಥ್ ಅವರಿಗೆ,

ಅರ್ಜಿ ಸ್ವೀಕಾರವಾಗಿದೆ. ಕಚೇರಿಯವರು ಶುಕ್ರವಾರ ಇಮೇಲ್‌ನಲ್ಲಿ ತಿಳಿಸಿದರು. ನಾನು ಏಪ್ರಿಲ್ 14ಕ್ಕೇ ಕಳಿಸಿದ್ದೆ.

ನಿಮ್ಮ ಪತ್ರವನ್ನು ಕೆಥೆಡ್ರಲ್ ಒಳಗೆ ಓದಿದೆ. ಆ ಹೊತ್ತಿಗೆ ಯಾರಾದರೂ ಮಾತಾಡಿಸಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು. ಯೋರಾನ್ ದೂರದಿಂದ ನೋಡಿ, ಡ್ರಿಲ್ ನಿಲ್ಲಿಸಿ, ಕಾಫಿ ತರುತ್ತೇನೆಂದು ಹೊರಗೆ ಹೋದ.

ಕಾಲು ಏಳಲಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ. ಮರ ಅರ್ಥವಾಗುವುದಿಲ್ಲ. ಅದರ ಬದಲು ಗೊತ್ತಿಲ್ಲ ಎಂದಿದ್ದರೆ ನಾನೇ ಹೋಗಿ ಕೇಳುತ್ತಿದ್ದೆ, ಅವಳು ನನ್ನ ಹೆಸರಿನಲ್ಲೇ ಇದ್ದಳು. ಇದನ್ನು ಬರೆದು ಎರಡು ದಿನ ಪಕ್ಕಕ್ಕಿಟ್ಟೆ. ಈಗಲೂ ಹಾಗೆಯೇ ಅನ್ನಿಸುವುದರಿಂದ ಹೊಡೆದುಹಾಕಿಲ್ಲ. ನನ್ನ ತಪ್ಪೂ ಇದೆ. ಇಷ್ಟು ವರ್ಷದಲ್ಲಿ ಕಚೇರಿಗೆ ಒಂದು ಪತ್ರ ಬರೆಯಬಹುದಿತ್ತು. ನಿಮ್ಮನ್ನು ಕೇಳಿದೆ, ಮರಗಳನ್ನು ಎಣಿಸಿದೆ, ಕಚೇರಿಯನ್ನು ಕೇಳಲಿಲ್ಲ.

ಇಲ್ಲಿ ಕೆಥೆಡ್ರಲ್ ಸಮಿತಿ ಏಪ್ರಿಲ್ 22ರಂದು ಸೇರಿತ್ತು. ಅಸ್ಥಿಯನ್ನೆಲ್ಲ ಎತ್ತಿ ಮ್ಯೂಸಿಯಮ್ಮಿಗೆ ಕೊಡಬೇಕು, ಪೈಪ್ ನೇರವಾಗಿ ಹೋಗಬೇಕು ಎಂದು ನಾಲ್ವರು ಹೇಳಿದರು. ನನ್ನ ಮೊದಲ ವರದಿಯಲ್ಲಿ ನಾನೂ ಅದನ್ನೇ ಬರೆದಿದ್ದೆ. ಎದ್ದು ನಿಂತು, ವರದಿ ಬದಲಾಯಿಸುತ್ತೇನೆ, ಪೈಪನ್ನು ಒಂದೂವರೆ ಮೀಟರ್ ಉತ್ತರಕ್ಕೆ ಸರಿಸಬಹುದು ಎಂದೆ. ಕಾರಣ ಕೇಳಿದರು. ಇಡೀ ಕೆಥೆಡ್ರಲ್‌ನಲ್ಲಿ ಮೊದಲ ಚರ್ಚಿನ ಗುರುತು ಇದೊಂದೇ, ಎತ್ತಿದರೆ ಅದೂ ಇರುವುದಿಲ್ಲ ಎಂದೆ. ಅದು ನಿಜ. ಇನ್ನೊಂದು ಕಾರಣವನ್ನು ಹೇಳಲಿಲ್ಲ. ಏಳು ಮತ, ನಾಲ್ಕು ವಿರೋಧ. ಒಂಬತ್ತು ಮಕ್ಕಳು ಇದ್ದಲ್ಲೇ ಇರುತ್ತಾರೆ. ತೆರೆದ ಇಬ್ಬರನ್ನು ಮೇ 11ರಂದು ಅವರ ಗುಂಡಿಗೇ ಮರಳಿಸುತ್ತೇವೆ, ಬಿರ್ಗಿಟಾ ಪ್ರಾರ್ಥನೆ ಹೇಳುತ್ತಾರೆ.

ಸಿಂಗಪುರದಲ್ಲಿ ಹಾಗೆ ಕೇಳಲು ಆಗದು, ಕೇಳುವುದೂ ಇಲ್ಲ. ಆ ನೆಲಕ್ಕೆ ಬೇರೆ ಕೆಲಸವಿದೆ. ನನಗೆ ಬೇಕಾಗಿರುವುದು ಅವಳನ್ನು ಎತ್ತುವಾಗ ಅಲ್ಲಿ ಇರುವುದು. ಎಷ್ಟು ಉಳಿದಿರುತ್ತದೆ ಎಂಬ ಅಂದಾಜು ನನಗಿದೆ. ಆ ಮಣ್ಣಿನಲ್ಲಿ, ಆ ಮಳೆಯಲ್ಲಿ, ಅಷ್ಟು ಚಿಕ್ಕ ಮೂಳೆ ಏನೂ ಉಳಿಯದೆಯೂ ಇರಬಹುದು. ಏನೂ ಸಿಗದಿದ್ದರೆ ಆ ಜಾಗದ ಒಂದು ಹಿಡಿ ಮಣ್ಣನ್ನು ದಹನಕ್ಕೆ ಕೊಡುತ್ತಾರಂತೆ, ಬರೆದು ಕೇಳಿದೆ. ನೀವು ಅದಕ್ಕೆ ಸಿದ್ಧರಾಗಿ ಬನ್ನಿ.

ರಮಾ ಅವರಿಗೆ ನನ್ನ ನಮಸ್ಕಾರ ತಿಳಿಸಿ. ಇಳಿದುಕೊಳ್ಳಲು ಸುನಂದಾ ಮನೆಯಲ್ಲಿ ಹೇಳಿದ್ದೇನೆ.

ಫಾರ್ಮಿನ ಕೊನೆಯಲ್ಲಿ, ಅರ್ಜಿದಾರರ ಜೊತೆ ಸಮಾಧಿಯ ಬಳಿ ಇರುವವರು ಎಂಬ ಕಾಲಂ ಇದೆ. ಒಬ್ಬರಿಗೆ ಮಾತ್ರ ಅವಕಾಶ. ಅಲ್ಲಿ ನಿಮ್ಮ ಹೆಸರು ಬರೆದಿದ್ದೇನೆ. ಸಂಬಂಧ ಎಂಬಲ್ಲಿ 'ತಂದೆ' ಎಂದು ಬರೆದಿದ್ದೇನೆ. ಗುರುತಿನ ಚೀಟಿ ತರಬೇಕು.

ಅಗೆತ ಜೂನ್ 17, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆಗೆ.

ನಿರುಪಮಾ